ಲಗಮಪ್ಪ ರುಚಿ ನೋಡಿದ ಹೊಗೆ

ತುಕ್ಕಾನಟ್ಟಿಯ ಲಗಮಪ್ಪ ತನ್ನ ಬಾಳಿನಲ್ಲಿ ಯಾರ ಮನೆಯ ಅಡುಗೆಗೂ ಹೆಸರಿಟ್ಟವನಲ್ಲ. ಉಪ್ಪು ಹೆಚ್ಚಾಗಿದ್ದರೂ ಅಷ್ಟೆ, ರೊಟ್ಟಿ ಹೊತ್ತಿದ್ದರೂ ಅಷ್ಟೆ. ಹೇಗಿದೆ ಎಂದು ಕೇಳಿದವರಿಗೆಲ್ಲ ‘ಚಲೋ ಐತ್ರಿ’ ಎಂಬುದೊಂದೇ ಉತ್ತರ. ಊರವರು ಇದನ್ನು ಅವನ ಒಳ್ಳೆಯತನ ಎಂದು ತಿಳಿದಿದ್ದರು. ಆದರೆ ಅದರಲ್ಲಿ ಮುಕ್ಕಾಲು ಪಾಲು ಅವನ ಕಸುಬು ಕಲಿಸಿದ್ದು.

ಲಗಮಪ್ಪ ಕುರುಬರ ಪೈಕಿ. ಸುಗ್ಗಿ ಮುಗಿದ ಮೇಲೆ ಈ ಕಡೆಯ ರೈತರು ಕುರಿ ಹಿಂಡನ್ನು ಕರೆಸಿ ತಮ್ಮ ಹೊಲದಲ್ಲಿ ರಾತ್ರಿ ನಿಲ್ಲಿಸಿಕೊಳ್ಳುತ್ತಾರೆ. ಹಿಕ್ಕೆ ಬಿದ್ದ ನೆಲ ಮುಂದಿನ ಬೆಳೆಗೆ ಹದವಾಗುತ್ತದೆ. ಕುರಿ ಕಾಯುವವರಿಗೆ ಅದರ ಬದಲು ಕಾಳು ಸಿಗುತ್ತದೆ, ಹಿಂಡು ಇರುವಷ್ಟು ದಿನ ಹೊಲದವರ ಮನೆಯಿಂದ ಬುತ್ತಿ ಬರುತ್ತದೆ. ಆ ಬುತ್ತಿಯ ಬಗ್ಗೆ ಅವನ ತಾಯಿ ಮಾಯವ್ವ ಅವನಿಗೆ ಮಾತು ಬಂದಾಗಿನಿಂದ ಒಂದೇ ಪಾಠ ಹೇಳಿದ್ದಳು: “ಹೊಲದವರ ಬುತ್ತಿಗೆ ಹೆಸರಿಟ್ಟಿ ಅಂದ್ರ ಬರೂ ವರ್ಷ ಕುರಿ ನಿಂದರ್ಸಾಕ ಜಾಗಾ ಇರೂದಿಲ್ಲ, ತಿಳಕೋ.” ಹಿಂಡಿಗೆ ಜಾಗ ಇಲ್ಲವೆಂದರೆ ಮನೆಗೆ ಕಾಳಿಲ್ಲ. ಹೀಗೆ ಅವನ ನಾಲಿಗೆ ರುಚಿಯನ್ನು ಚೆನ್ನಾಗಿ ಕಲಿಯಿತು, ರುಚಿಯನ್ನು ಹೇಳುವುದನ್ನು ಮಾತ್ರ ಕಲಿಯಲಿಲ್ಲ.

ಮೊಣಕಾಲು ಸವೆದು ದೂರ ನಡೆಯುವುದು ಆಗದಾದಾಗ ಅವನು ಹಿಂಡನ್ನು ತಮ್ಮ ಮಾಲಿಂಗಪ್ಪನಿಗೆ ಒಪ್ಪಿಸಿ, ಊರಲ್ಲೇ ಸೋಮಶೇಖರನ ಮಿಲ್ಲಿಗೆ ಕೆಲಸಕ್ಕೆ ಸೇರಿದ. ಸೋಮಶೇಖರನ ಮನೆಯವರು ಲಿಂಗವಂತರು. ಅವರ ಹೊಲದಲ್ಲಿ ಲಗಮಪ್ಪನ ಹಿಂಡು ಅವನ ಅಪ್ಪನ ಕಾಲದಿಂದ ನಿಲ್ಲುತ್ತ ಬಂದಿತ್ತು. ಸೋಮಶೇಖರನನ್ನು ಅವನು ಚಡ್ಡಿಯ ಕಾಲದಿಂದ ಬಲ್ಲ. ಹುಡುಗ ಕುರಿಮರಿಯನ್ನು ಎತ್ತಿಕೊಳ್ಳಲು ಹೋಗಿ ಒದೆ ತಿಂದು ಅತ್ತಾಗ ಸಮಾಧಾನ ಮಾಡಿದವನೂ ಅವನೇ. ಆ ಹುಡುಗ ಗೋಕಾಕದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ ಬಂದು ಹೊಲದ ಅಂಚಿನಲ್ಲೇ ಈ ಮಿಲ್ಲು ಹಾಕಿದ್ದ. ಕಬ್ಬಿನ ಒಣಗರಿಯ ರವದಿ, ಗೋವಿನಜೋಳದ ಬೆಂಡು, ಮರದ ಹುಡಿ ಇವನ್ನು ಒಣಗಿಸಿ, ರಂಧ್ರಗಳಿರುವ ಉಕ್ಕಿನ ಅಚ್ಚಿನಲ್ಲಿ ಒತ್ತಿದರೆ ಬೆರಳಿಗಿಂತ ಸಣ್ಣ ತುಂಡುಗಳು ಬೀಳುತ್ತವೆ. ಅಂಟು ಬೇಕಿಲ್ಲ. ಒತ್ತಡದ ಬಿಸಿಗೆ ಕಟ್ಟಿಗೆಯಲ್ಲಿರುವ ಅಂಟುಗುಣವೇ ಕರಗಿ ಹುಡಿಯನ್ನು ಹಿಡಿದುಕೊಳ್ಳುತ್ತದೆ. ಸೋಮಶೇಖರ ಅವನ್ನು ಪೆಲೆಟ್ ಎನ್ನುತ್ತಿದ್ದ, ಲಗಮಪ್ಪ ಗುಳಿಗಿ ಎನ್ನುತ್ತಿದ್ದ. ಬಾಯ್ಲರ್ ಇರುವ ಕಾರ್ಖಾನೆಗಳು ಕೆಲವು ವರ್ಷ ಈ ಗುಳಿಗಿಗಳನ್ನು ಒಯ್ದು ಉರಿಸಿದವು. ಆಮೇಲೆ ಒಂದೊಂದಾಗಿ ಬೇರೆ ಕಡೆ ತಿರುಗಿದವು. ಅಚ್ಚು ತಿರುಗುವುದಕ್ಕಿಂತ ನಿಂತಿರುವುದೇ ಹೆಚ್ಚಾಯಿತು.

ಹಾಗಿರುವಾಗ ಗಜಾನನ ಎಂಬಾತ ಮಿಲ್ಲು ಹುಡುಕಿಕೊಂಡು ಬಂದ. ಸಂಕೇಶ್ವರದ ಬಳಿ ಹೆದ್ದಾರಿಯ ಪಕ್ಕ ಅವನದೊಂದು ದೊಡ್ಡ ಹೋಟೆಲು. ಪುಣೆಯಿಂದ ಬೆಳಗಾವಿಗೆ ಓಡಾಡುವ ಕಾರಿನವರು ಅಲ್ಲಿ ನಿಲ್ಲುತ್ತಾರೆ. ಹೊರದೇಶದ ಒಂದು ಒಲೆ ತರಿಸಿದ್ದೇನೆ, ಅದು ಕಟ್ಟಿಗೆಯ ಗುಳಿಗಿಯಿಂದಲೇ ಉರಿಯುತ್ತದೆ, ಮಟನ್, ಮೀನು ಅದರ ಹೊಗೆಯಲ್ಲೇ ಬೇಯುತ್ತವೆ ಎಂದ. ಹಿಕರಿ, ಚೆರಿ, ಸೇಬು ಎಂದು ಬೇರೆ ಬೇರೆ ಮರದ ಚೀಲಗಳು ಪರದೇಶದಿಂದ ಬರುತ್ತವೆ, ಒಂದೊಂದು ಮರಕ್ಕೆ ಒಂದೊಂದು ರುಚಿ. ಆದರೆ ಹೊತ್ತಿಗೆ ಸರಿಯಾಗಿ ಬರುವುದಿಲ್ಲ. “ನಮ್ಮ ಕಡೆ ಕಟಗಿದು ಮಾಡಿಕೊಡ್ರಿ ಸೋಮಶೇಖರ್ರ. ನನಗ ಒಂದs ರುಚಿ ಸಾಕು, ಆದ್ರ ತಿಂದಾವ ಮತ್ತ ಗಾಡಿ ಹೊಳ್ಳಿಸಿ ಬರಬೇಕು. ಹತ್ತಿತು ಅಂದ್ರ ವರ್ಷಪೂರ್ತಿ ನಿಮ್ಮದs ಮಾಲು.”

ಮಿಲ್ಲು ಉಳಿಯುವುದು ಇನ್ನು ಈ ಒಂದು ಮಾತಿನ ಮೇಲೆ ಎಂಬುದು ಸೋಮಶೇಖರನಿಗೆ ಗೊತ್ತಿತ್ತು. ಅವನ ಮುಖ ನೋಡಿ ಲಗಮಪ್ಪನಿಗೂ ಗೊತ್ತಾಯಿತು.

ತೊಡಕು ಒಂದೇ. ಸೋಮಶೇಖರ ಹುಟ್ಟಿನಿಂದ ಮಾಂಸ ಮುಟ್ಟಿದವನಲ್ಲ. ಎದೆಯ ಮೇಲೆ ಲಿಂಗವಿರುವವನು, ಮುಟ್ಟುವವನೂ ಅಲ್ಲ. ಅವನು ತನಗೆ ಸಾಧ್ಯವಿದ್ದ ಕ್ರಮದಲ್ಲಿ ಶುರುಮಾಡಿದ. ಮಾವು, ಹುಣಸೆ, ಪೇರಲ, ಜಾಲಿ ಈ ನಾಲ್ಕರ ಹುಡಿಯನ್ನು ಬೇರೆ ಬೇರೆ ಒತ್ತಿ, ಹಳೆಯ ಪೀಪಾಯಿಯೊಂದರಲ್ಲಿ ಹೊಗೆ ಹಿಡಿಸಿ, ಬದನೆಕಾಯಿ ಮತ್ತು ಗೋವಿನಜೋಳದ ತೆನೆ ಸುಟ್ಟ. ಮನೆಯಲ್ಲಿ ಅವನ ತಾಯಿ ದಾಕ್ಷಾಯಿಣಿ ಆ ಬದನೆಕಾಯಿಗೆ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಎಣ್ಣೆ ಹಾಕಿ ಕಿವುಚಿದಳು. ಹೆಂಡತಿ ಶೈಲಾ ರೊಟ್ಟಿ ಬಡಿದಳು. ಎಲ್ಲರೂ ಒಮ್ಮತದಿಂದ ಮಾವು ಎಂದರು. ಹುಣಸೆ ಖಾರ, ಜಾಲಿ ಒರಟು, ಪೇರಲ ಪರವಾಗಿಲ್ಲ, ಮಾವು ಸಿಹಿ.

ಅದೇ ವಾರ ಮಮದಾಪುರದಲ್ಲಿ ಒಂದು ಹಳೆಯ ಮಾವಿನ ತೋಟ ಕಡಿದಿದ್ದಾರೆಂದು ತಿಳಿದು, ಅಲ್ಲಿ ಬಿದ್ದಿದ್ದ ದಿಮ್ಮಿಗಳನ್ನೆಲ್ಲ ಸೋಮಶೇಖರ ಟ್ರ್ಯಾಕ್ಟರಿನಲ್ಲಿ ತರಿಸಿದ. ಮನೆಯಲ್ಲಿ ಪರೀಕ್ಷಿಸಿದ ಮಾವು ಗರಗಸದ ಅಂಗಡಿಯಿಂದ ತಂದ ಒಣ ಹುಡಿ. ಈ ದಿಮ್ಮಿಗಳು ಮಳೆಗಾಲವಿಡೀ ನೆಲದ ಮೇಲೆ ಬಿದ್ದು ನೆನೆದಿದ್ದವು. ಸೋಮಶೇಖರ ಇದನ್ನು ಕಡೆಗಣಿಸಲಿಲ್ಲ. ಮೊದಲು ಅರ್ಧದಷ್ಟಕ್ಕೆ ತೊಗಟೆ ಕೆತ್ತಿಸಿದ, ಸೀಳಿಸಿದ, ಒಣಗಿಸುವ ಡ್ರಮ್ಮಿನಲ್ಲಿ ಎರಡು ಸಲ ಹಾಯಿಸಿದ. ತೇವ ಅಳೆಯುವ ಯಂತ್ರ ಸರಿ ಎನ್ನುವವರೆಗೆ ಬಿಡಲಿಲ್ಲ. ತೇವ ಹೋಯಿತು. ಬೂಷ್ಟು ಕಟ್ಟಿಗೆಯ ಒಳಗೆ ಬಿಟ್ಟುಹೋದ ವಾಸನೆ ತೇವದ ಜೊತೆ ಹೋಗುವಂಥದ್ದಲ್ಲ, ಅದನ್ನು ತೋರಿಸುವ ಯಂತ್ರವೂ ಅವನಲ್ಲಿರಲಿಲ್ಲ.

“ಕಾಕಾ, ಇನ್ನ ನಿನ್ನ ಕೆಲಸ,” ಎಂದ ಸೋಮಶೇಖರ.

ಈ ದಿಮ್ಮಿಗಳ ಗುಳಿಗಿಯನ್ನೂ ಉಳಿದ ಮೂರು ಮರದ್ದನ್ನೂ ತಂದು ಮಿಲ್ಲಿನ ಹಿಂದೆ ಪೀಪಾಯಿ ಇಟ್ಟರು. ಲಗಮಪ್ಪ ಊರಿಂದ ಕುರಿಯ ತೊಡೆಯ ಮಾಂಸ ತಂದ. ಉಪ್ಪು ಬಿಟ್ಟು ಬೇರೇನೂ ಹಚ್ಚಬಾರದು, ಹೊಗೆಯ ರುಚಿಯಷ್ಟೇ ತಿಳಿಯಬೇಕು ಎಂದು ಸೋಮಶೇಖರ ಹೇಳಿದ್ದ. ಲಗಮಪ್ಪನ ಹೆಂಡತಿ ರಾಮವ್ವ ಹಾಗೆಯೇ ಉಪ್ಪು ಸವರಿ ಕೊಟ್ಟಳು. ಸೋಮಶೇಖರ ಗಾಳಿ ಬರುವ ಕಡೆ ಕುರ್ಚಿ ಹಾಕಿಕೊಂಡು ಕುಳಿತ. ಯಾವ ತಟ್ಟೆ ಯಾವ ಮರದ್ದು ಎಂದು ಹೇಳದೆ, ಒಂದೊಂದನ್ನೇ ಮಿಲ್ಲಿನ ಆಳಿನ ಕೈಯಿಂದ ಲಗಮಪ್ಪನ ಮುಂದೆ ಇಡಿಸಿದ. ತಿನ್ನುವವನಿಗೆ ಗೊತ್ತಿರಬಾರದು, ಆಗಲೇ ಉತ್ತರ ನಿಜ ಎಂದು ಅವನು ಓದಿದ್ದ.

ಆದರೆ ಲಗಮಪ್ಪನಿಗೆ ಪೀಪಾಯಿಯ ಮುಚ್ಚಳ ತೆಗೆಯುವ ಮೊದಲೇ ಎಲ್ಲ ಗೊತ್ತಾಗಿತ್ತು. ಹೊಲದಲ್ಲಿ ಕಂಡ ಕಂಡ ಕಟ್ಟಿಗೆ ಹಚ್ಚಿ ನಲವತ್ತು ವರ್ಷ ಅಡುಗೆ ಮಾಡಿಕೊಂಡವನಿಗೆ ಜಾಲಿಯ ಹೊಗೆ ಯಾವುದು, ಹುಣಸೆಯದು ಯಾವುದು ಎಂದು ಹೇಳಿಕೊಡಬೇಕಿರಲಿಲ್ಲ. ಗೊತ್ತಾಗದೆ ಇದ್ದದ್ದು, ಸೋಮಣ್ಣನಿಗೆ ಯಾವುದು ಬೇಕು ಎಂಬುದು. ಅದಕ್ಕಾಗಿ ಅವನು ತಟ್ಟೆ ನೋಡಲಿಲ್ಲ, ಸೋಮಶೇಖರನ ಮುಖ ನೋಡಿದ.

ಜಾಲಿಯ ತುಂಡು ತಿಂದ. ಆ ಮುಖದಲ್ಲಿ ಏನೂ ಬದಲಾಗಲಿಲ್ಲ. ಹುಣಸೆಯದು ತಿಂದ, ಪೇರಲದ್ದು ತಿಂದ. ಆಗಲೂ ಅಷ್ಟೆ. ಮಾವಿನ ತುಂಡನ್ನು ಬಾಯಿಗೆ ಇಡುವಾಗ ಸೋಮಶೇಖರ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಾಗಿದ.

ಮಾಂಸ ಬಾಯಿಗೆ ಹೋದದ್ದೇ ಲಗಮಪ್ಪನ ನಾಲಿಗೆಗೆ ತೊಯ್ದು ಮುದ್ದೆಯಾಗಿ ಮೂಲೆಯಲ್ಲಿ ಬಿದ್ದ ಕಂಬಳಿ ನೆನಪಾಯಿತು. ಸಿಹಿ ಇತ್ತು, ಸುಳ್ಳಲ್ಲ. ಆ ಸಿಹಿಯ ಕೆಳಗೆ ಬೂಷ್ಟು ಕೂತಿತ್ತು. ಅವನು ಅಗಿದು ನುಂಗಿದ.

“ಹೆಂಗ ಐತಿ ಕಾಕಾ?”

“ಚಲೋ ಐತ್ರಿ ಸೋಮಣ್ಣಾರ.”

“ಎಲ್ಲಾದಕ್ಕೂ ಹಂಗs ಅಂತಿ. ಇವುಗಳಾಗ ಹೆಚ್ಚು ಚಲೋ ಯಾವುದು? ವಿಚಾರ ಮಾಡಿ ಹೇಳು.”

“ಈ ಕಡೀದ್ದs ರೀ. ಇದರ ಮುಂದ ಉಳಿದದ್ದು ಏನೂ ಅಲ್ಲ.”

ಸೋಮಶೇಖರ ಎದ್ದು ನಿಂತು ಅವನ ಭುಜ ಹಿಡಿದ. ಎಷ್ಟೋ ತಿಂಗಳ ಮೇಲೆ ಆ ಮುಖದಲ್ಲಿ ನಗು ಕಂಡು ಲಗಮಪ್ಪನಿಗೆ ಒಳ್ಳೆಯ ಕೆಲಸ ಮಾಡಿದೆ ಅನ್ನಿಸಿತು. ಖಾತ್ರಿಯಾಗಲೆಂದು ಸೋಮಶೇಖರ ಮರುವಾರ ಹಿಡಕಲ್ ಜಲಾಶಯದ ಕಟ್ಲಾ ಮೀನು ತರಿಸಿ ಅದರ ಮೇಲೂ ಹಾಗೆಯೇ ಮಾಡಿಸಿದ, ತಟ್ಟೆಗಳ ಕ್ರಮ ಬದಲಿಸಿದ. ಉತ್ತರ ಬದಲಾಗಲಿಲ್ಲ. ಎರಡು ಸಲವೂ ಒಂದೇ ಫಲ ಬಂತೆಂದರೆ ಅನುಮಾನಕ್ಕೆ ಎಡೆಯಿಲ್ಲ ಎಂದುಕೊಂಡ.

ಉಳಿದ ಮೀನನ್ನು ಮನೆಗೆ ತಂದಾಗ ರಾಮವ್ವ ಒಂದು ತುಂಡು ಬಾಯಿಗಿಟ್ಟು, ಹಾಗೆಯೇ ತೆಗೆದು ಬೆಕ್ಕಿಗೆ ಹಾಕಿದಳು.

“ಇದನ್ನ ತಿಂದು ಚಲೋ ಅಂದ್ರಿ?”

“ಹೂಂ.”

“ನಿಮ್ಮ ಬಾಯಿಗೆ ಏನ ಬಂದೈತಿ? ದನದ ಗ್ವಾದಲ್ಯಾಗಿನ ಹಳೇ ಹುಲ್ಲು ತಿಂದಂಗ ಆತು.”

“ನಿನಗ ತಿಳಿಯಂಗಿಲ್ಲ ಬಿಡು. ಅಂವ ಎಷ್ಟ ಆಸೆ ಇಟ್ಕೊಂಡಾನ ಗೊತ್ತೈತೇನು?”

“ಆಸೆ ಇಟ್ಕೊಂಡಾರಂತs ಹೇಳಬೇಕಲ್ರಿ! ನನ್ನ ಮದುವಿ ಆದಾಗಿಂದ ನನ್ನ ಅಡಗಿಗೂ ಚಲೋ ಅಂದೀರಿ. ಖರೆ ಯಾವುದು ಸುಳ್ಳು ಯಾವುದು ನನಗs ಇನ್ನೂ ತಿಳಿದಿಲ್ಲ. ಆ ಪಾಪದ ಹುಡುಗಗ ಹೆಂಗ ತಿಳೀಬೇಕು? ನಾಳೆ ಹೋಗಿ ಹೇಳ್ರಿ. ನಿಮಗ ಆಗೂದಿಲ್ಲಂದ್ರ ನಾ ಹೇಳ್ತೇನಿ.”

“ನೀ ಏನೂ ಹೇಳಬ್ಯಾಡ. ನಾ ಹೇಳ್ತೇನಿ.”

ಹೇಳಬೇಕೆಂದೇ ಮರುದಿನ ಹೋದ. ದಿಮ್ಮಿಗಳಲ್ಲಿ ಅರ್ಧ ಇನ್ನೂ ಸೀಳದೆ ಬಿದ್ದಿದ್ದವು. ಅಂದು ಹೇಳಿದ್ದರೆ ಜಾಲಿ, ಪೇರಲ ಹೊಂದಿಸಿಕೊಳ್ಳಲು ಸಮಯವಿತ್ತು. ಮಿಲ್ಲಿನ ಬಾಗಿಲಲ್ಲಿ ದಾಕ್ಷಾಯಿಣಿ ಬುತ್ತಿಯ ಗಂಟು ಹಿಡಿದು ನಿಂತಿದ್ದಳು. ಮಗನಿಗೂ ಅವನಿಗೂ ಸೇರಿಸಿ ಹೋಳಿಗೆ ತಂದಿದ್ದಳು.

“ಬಾ ಲಗಮಪ್ಪ, ಮೊದಲ ತಿನ್ನು ಬಾ. ನಿನ್ನ ಬಾಯಿಂದs ನಮ್ಮ ಮನಿಗೆ ಬೆಳಕು ಬಂತು ನೋಡು. ರಾತ್ರಿ ಸೋಮು ಉಂಡು ಮಕ್ಕೊಂಡ. ಎಷ್ಟ ದಿನಾ ಆಗಿತ್ತು ಅಂವ ಹಂಗ ಮಕ್ಕೊಂಡು.”

ಲಗಮಪ್ಪ ಹೋಳಿಗೆ ಮುರಿದು ಬಾಯಿಗಿಟ್ಟ. ಹೂರಣದ ಬೇಳೆ ಬೇಯುವಾಗಲೇ ತಳ ಹಿಡಿದಿತ್ತು.

“ಹೆಂಗ ಆಗೇತೋ?”

“ಭಾಳ ಚಲೋ ಆಗೇತ್ರಿ ಅವ್ವಾರ,” ಎಂದ. ಆ ಮಾತು ಬಾಯಿಂದ ಬಂದ ಮೇಲೆ ಇನ್ನೊಂದು ಮಾತಿಗೆ ಬಾಯಿ ತೆರೆಯಲಿಲ್ಲ. ಮಿಲ್ಲಿನ ಒಳಗೆ ಗರಗಸ ಶುರುವಾಯಿತು. ಸಂಜೆಯವರೆಗೆ ಅವನೇ ದಿಮ್ಮಿಗಳನ್ನು ಒಂದೊಂದಾಗಿ ಅದಕ್ಕೆ ಕೊಟ್ಟ. ಕೆಲವು ದಿಮ್ಮಿಗಳ ತಿರುಳು ಕಪ್ಪಗಿತ್ತು. ಅಂಥವನ್ನು ಸೋಮಶೇಖರ ನೋಡದ ಹಾಗೆ ಬದಿಗೆ ಸರಿಸಿ ಒಲೆಯ ಕಟ್ಟಿಗೆಯಲ್ಲಿ ಸೇರಿಸಿದ. ಅಷ್ಟು ತೆಗೆದರೆ ಉಳಿದದ್ದು ಸರಿಹೋಗಬಹುದು ಎಂದು ತನಗೆ ತಾನೇ ಹೇಳಿಕೊಂಡ. ಬೂಷ್ಟು ಕಪ್ಪು ಕಾಣುವಲ್ಲಿ ಮಾತ್ರ ಇರುವುದಿಲ್ಲ.

ಗುಳಿಗಿ ತುಂಬಿದ ಚೀಲಗಳನ್ನು ಟೆಂಪೋದಲ್ಲಿ ಹೇರಿಕೊಂಡು ಇಬ್ಬರೂ ಘಟಪ್ರಭಾ, ಹುಕ್ಕೇರಿ ದಾಟಿ ಸಂಕೇಶ್ವರಕ್ಕೆ ಹೋದರು. ದಾರಿಯುದ್ದಕ್ಕೂ ಸೋಮಶೇಖರ ಮಾತಾಡುತ್ತಲೇ ಇದ್ದ. ಇದು ಹತ್ತಿದರೆ ಆಮೇಲೆ ಹುಣಸೆಯದನ್ನೂ ಮಾಡೋಣ, ಕೊಲ್ಹಾಪುರದ ಹೋಟೆಲಿನವರನ್ನೂ ಕೇಳೋಣ, ಚೀಲದ ಮೇಲೆ ಏನು ಬರೆಸೋಣ ಕಾಕಾ ಎಂದ. ಲಗಮಪ್ಪ ಕಿಟಕಿಯ ಹೊರಗೆ ಕಬ್ಬು ನೋಡುತ್ತ ಹೂಂ ಹೂಂ ಎನ್ನುತ್ತ ಹೋದ.

ಗಜಾನನ ಹೋಟೆಲಿನ ಹಿತ್ತಲಿಗೆ ಕರೆದೊಯ್ದ. ಕಪ್ಪು ಪೆಟ್ಟಿಗೆಯಂಥ ಒಲೆ. ಬದಿಯ ಡಬ್ಬಿಗೆ ಗುಳಿಗಿ ಸುರಿದರೆ ತಾನೇ ಒಳಗೆ ಎಳೆದುಕೊಂಡು ಉರಿಸುತ್ತಿತ್ತು. ಅಡುಗೆಯವನು ಮಟನ್, ಮೀನು ಎರಡನ್ನೂ ಇಟ್ಟು ಮುಚ್ಚಿದ. ಬೆಂದ ಮೇಲೆ ಗಜಾನನ ಒಂದು ತುಂಡು ಬಾಯಿಗಿಟ್ಟ, ಎರಡು ಸಲ ಅಗಿದ, ಹೊರಗೆ ಹೋಗಿ ಉಗುಳಿ ಬಂದ.

“ಏನ್ರಿ ಇದು? ಗೋಣಿಚೀಲ ನೆನೆಸಿಟ್ಟು ಸುಟ್ಟಂಗ ಐತಿ!”

ಸೋಮಶೇಖರನ ಮುಖ ಇಳಿಯಿತು. “ಆಗಾಕ ಸಾಧ್ಯ ಇಲ್ರಿ. ಎರಡು ಸಲ ನೋಡೇವಿ. ಮಟನ್ ಮ್ಯಾಲೂ ನೋಡೇವಿ, ಮೀನಿನ ಮ್ಯಾಲೂ ನೋಡೇವಿ.”

“ನೋಡಿದವರು ಯಾರ್ರಿ? ನೀವು ತಿನ್ನೂದಿಲ್ಲಲ್ಲ.”

“ಇವರು ನೋಡ್ಯಾರ. ಕೇಳ್ರಿ ಬೇಕಾರ.”

ಗಜಾನನ ತಟ್ಟೆಯನ್ನು ಲಗಮಪ್ಪನ ಮುಂದೆ ಹಿಡಿದ. “ತಿನ್ರಿ ಯಜಮಾನ್ರ. ನನ್ನ ಕಣ್ಣ ಮುಂದ ತಿಂದು ಹೇಳ್ರಿ.”

ಹಿತ್ತಲಿನಲ್ಲಿದ್ದವರೆಲ್ಲ ಅವನನ್ನೇ ನೋಡುತ್ತಿದ್ದರು. ಸೋಮಶೇಖರನೂ ನೋಡುತ್ತಿದ್ದ. ಪೀಪಾಯಿಯ ಮುಂದೆ ಬಾಗಿದ್ದನಲ್ಲ, ಹಾಗೆಯೇ ಬಾಗಿ ನಿಂತಿದ್ದ. ಲಗಮಪ್ಪ ತಿಂದ. ಪೀಪಾಯಿಯಲ್ಲಿ ಬೆಂದದ್ದಕ್ಕಿಂತ ಇದು ಕೆಟ್ಟದಾಗಿತ್ತು. ಮುಚ್ಚಿದ ಒಲೆ ಹೊಗೆಯನ್ನು ಹೊರಗೆ ಬಿಟ್ಟೇ ಇರಲಿಲ್ಲ.

“ಚಲೋ ಐತ್ರಿ,” ಎಂದ.

ಅಡುಗೆಯವನು ಕಿಸಕ್ಕೆಂದು ನಕ್ಕ. ಗಜಾನನ ನಗಲಿಲ್ಲ. “ಸೋಮಶೇಖರ್ರ, ನೀವು ಒಳ್ಳೆಯವರು, ಅದಕ್ಕ ಹೇಳ್ತೇನಿ. ಇಂಥಾ ನಾಲಿಗಿ ನಂಬಿ ಧಂದೆ ಮಾಡಬ್ಯಾಡ್ರಿ. ಚೀಲ ಹೊಳ್ಳಿ ಒಯ್ಯಿರಿ. ನನಗ ಮೊದಲಿನ ಪರದೇಶದ ಮಾಲs ಇರಲಿ.”

ಚೀಲಗಳನ್ನು ಮತ್ತೆ ಟೆಂಪೋದಲ್ಲಿ ಹೇರಿಕೊಂಡು ಹೊರಟರು. ಹುಕ್ಕೇರಿ ದಾಟಿದ ಮೇಲೆ ಸೋಮಶೇಖರ ರಸ್ತೆಯ ಬದಿಗೆ ನಿಲ್ಲಿಸಿ ಇಂಜಿನ್ ಬಂದ್ ಮಾಡಿದ.

“ಕಾಕಾ. ಖರೆ ಹೇಳು. ವಾಸನಿ ಇತ್ತೇನು?”

ಲಗಮಪ್ಪ ತನ್ನ ಕೈ ನೋಡಿಕೊಂಡು ಹೇಳಿದ: “ಇತ್ರಿ.”

“ಮೊದಲ ಸಲನೂ?”

“ಮೊದಲ ಸಲನೂ ಇತ್ರಿ.”

“ಮತ್ತ ಯಾಕ ಅಂದಿ ಚಲೋ ಅಂತ?”

“ನಿಮಗ ಅದs ಬೇಕಾಗಿತ್ತಲ್ರಿ, ಸೋಮಣ್ಣಾರ.”

ಸೋಮಶೇಖರ ಬೈಯಲಿಲ್ಲ. ಬೈದಿದ್ದರೆ ಲಗಮಪ್ಪನಿಗೆ ಸ್ವಲ್ಪ ಹಗುರವಾಗುತ್ತಿತ್ತು. ಯಾವ ತಟ್ಟೆಯಲ್ಲಿ ಏನಿದೆ ಎಂದು ತಿನ್ನುವವನಿಂದ ಮುಚ್ಚಿಟ್ಟಿದ್ದೆ, ನನ್ನ ಮುಖವನ್ನು ಮುಚ್ಚಿಟ್ಟಿರಲಿಲ್ಲ ಎಂದು ಅವನು ತನ್ನಷ್ಟಕ್ಕೆ ಎಂಬಂತೆ ಹೇಳಿದ. ಮತ್ತೆ ಇಂಜಿನ್ ಶುರುಮಾಡಿದ.

ಮಾವಿನ ಚೀಲಗಳನ್ನು ಹತ್ತಿರದ ಬೆಲ್ಲದ ಗಾಣದವರು ಒಲೆಗೆ ಒಯ್ದರು. ಮಿಲ್ಲಿನ ಯಂತ್ರವನ್ನು ಕೊಳ್ಳಲೆಂದು ಮೀರಜ್ ಕಡೆಯಿಂದ ಯಾರೋ ಬಂದು ನೋಡಿಹೋದರು. ಇನ್ನೊಂದು ವಾರದಲ್ಲಿ ಬಿಚ್ಚಿ ಒಯ್ಯುತ್ತೇವೆ ಎಂದರು. ಆ ವಾರದಲ್ಲಿ ಸೋಮಶೇಖರ ಒಂದು ದಿನ ತಾನೇ ಪೇರಲ ಮತ್ತು ಜಾಲಿಯ ಒಣ ಕಟ್ಟಿಗೆ ತಂದು, ಹುಡಿ ಮಾಡಿ, ಬೆರೆಸಿ ಒಂದೇ ಒಂದು ಚೀಲ ಒತ್ತಿದ. ಪೀಪಾಯಿಯನ್ನು ಮಿಲ್ಲಿನ ಹಿಂದೆ ಇಟ್ಟ. ಲಗಮಪ್ಪನಿಗೆ ಅರ್ಥವಾಯಿತು. ಹೋಗಿ ಮಾಂಸ ತಂದ. ಇದು ಸರಿಯಾದರೆ ಗಜಾನನನ ಕೈಕಾಲು ಹಿಡಿದಾದರೂ ಇನ್ನೊಂದು ಸಲ ಕೇಳಬಹುದು, ಯಂತ್ರವನ್ನು ತಡೆಯಬಹುದು.

ರಾಮವ್ವನನ್ನೂ ಕರೆದು ಕೇಳಬಹುದಿತ್ತು, ಊರಲ್ಲಿ ಮಾಂಸ ತಿನ್ನುವವರು ಬೇಕಾದಷ್ಟು ಜನ ಇದ್ದರು. ಸೋಮಶೇಖರ ಯಾರನ್ನೂ ಕರೆಯಲಿಲ್ಲ. ಅವರಲ್ಲಿ ತನ್ನ ಮನೆಯ ಬುತ್ತಿ ಉಣ್ಣದವರು ಯಾರು ಎಂದು ಅವನು ಎಣಿಸಿ ನೋಡಿರಬೇಕು.

ಈ ಸಲ ಹೊಗೆ ತೆಳ್ಳಗೆ, ನೀಲಿಯಾಗಿ ಎದ್ದಿತು. ಲಗಮಪ್ಪ ಮುಚ್ಚಳ ತೆಗೆದು ಒಂದು ತುಂಡು ಬಾಯಿಗಿಟ್ಟ. ಸೋಮಶೇಖರ ಕುರ್ಚಿ ತಿರುಗಿಸಿ, ಅವನಿಗೆ ಬೆನ್ನು ಮಾಡಿ ಕುಳಿತಿದ್ದ.

ಜಾಲಿಯ ಬಿಗಿ ಮೊದಲು ಬಂತು, ಅದರ ಹಿಂದೆ ಪೇರಲದ ಹಣ್ಣುವಾಸನೆ ಮೆಲ್ಲಗೆ ಬಂದು ಕೊಬ್ಬಿನಲ್ಲಿ ಕೂತಿತು. ಉಪ್ಪು ಬಿಟ್ಟು ಏನೂ ಹಚ್ಚದ ಮಾಂಸ ಇಷ್ಟು ರುಚಿ ತುಂಬಿಕೊಂಡದ್ದನ್ನು ಲಗಮಪ್ಪ ತಿಂದು ಬಹಳ ಕಾಲವಾಗಿತ್ತು. ಹಿಂಡಿನ ಜೊತೆ ಇದ್ದಾಗಲೂ ತಿಂದದ್ದು ಕಡಿಮೆಯೇ. ಅವನು ಇನ್ನೊಂದು ತುಂಡು ತೆಗೆದುಕೊಂಡ, ಮತ್ತೊಂದು ತೆಗೆದುಕೊಂಡ. ಹೇಳಬೇಕಾದ ಮಾತಿಗಾಗಿ ಬಾಯೊಳಗೆಲ್ಲ ಹುಡುಕಿದ. ಸಿಕ್ಕಿದ್ದು ಒಂದೇ.

“ಚಲೋ ಐತ್ರಿ,” ಎಂದ.

ಬೆನ್ನು ಅಲುಗಲಿಲ್ಲ.

“ಸೋಮಣ್ಣಾರ, ಖರೇನs ಚಲೋ ಐತ್ರಿ. ದೇವರಾಣಿ. ಈ ಸಲ ಖರೆ ಹೇಳಾಕತ್ತೇನಿ. ಗಜಾನನರು ತಿಂದ್ರ ಬಿಡೂದಿಲ್ಲ.”

ಸೋಮಶೇಖರ ತಿರುಗಿದ. ಬಹಳ ಪ್ರೀತಿಯಿಂದ, ಜ್ವರ ಬಂದವನನ್ನು ನೋಡುವ ಹಾಗೆ ಅವನನ್ನು ನೋಡಿದ.

“ಹೂಂ ಕಾಕಾ,” ಎಂದ. “ಗೊತ್ತಾತು.”

ಎದ್ದು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಪಾನಾ ನಟ್ಟಿಗೆ ಹಾಕಿ ತಿರುಗಿಸುವ ಸದ್ದು ಬಂತು. ಮೀರಜಿನವರು ಬರುವ ಮೊದಲೇ ಅಚ್ಚು ಬಿಚ್ಚಿಡುತ್ತಿದ್ದ. ಲಗಮಪ್ಪ ಪೀಪಾಯಿಯ ಪಕ್ಕದಲ್ಲಿ ಕೂತು ತಟ್ಟೆಯಲ್ಲಿದ್ದ ಮಾಂಸವನ್ನೆಲ್ಲ ಒಂದೂ ಬಿಡದೆ ತಿಂದ, ಕೊನೆಗೆ ಎಲುಬು ಚೀಪಿದ. ಯಾರಾದರೂ ಬಂದು ನೋಡಿದ್ದರೆ ತಿಳಿಯುತ್ತಿತ್ತು. ಒಳಗೆ ಪಾನಾ ತಿರುಗುತ್ತಲೇ ಇತ್ತು.